ಡಿಎನ್‌ಎ ಎರಡು ಪಟ್ಟಾದ ಮೇಲೂ ವರ್ಣತಂತು 16 ಹೇಗೆ? ಪಿಯುಸಿ ಹುಡುಗಿಯ ಪ್ರಶ್ನೆ, ಯಾರಾದರೂ ಬಿಡಿಸಿ ಹೇಳಿ

ಮಲ್ಪೆಯ ಚಿಕ್ಕಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈ ವರ್ಷ ಪಿಸಿಎಂಬಿ ಸೇರಿದ್ದಾಳೆ. ಕೋಶ ಚಕ್ರದ ಪಾಠ ಶುರುವಾದಾಗಿನಿಂದ ಮಂಕಾಗಿದ್ದಾಳೆ. ಮೊನ್ನೆ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತಂತೆ. ನೀರುಳ್ಳಿ ಬೇರಿನ ಕೋಶದಲ್ಲಿ 16 ವರ್ಣತಂತು, ಜಿ1 ಹಂತದಲ್ಲಿ (ಡಿಎನ್‌ಎ ನಕಲಾಗುವ ಮೊದಲು) ಎಷ್ಟು, ಎಸ್ (ನಕಲಾಗುವ ಹಂತ) ಮುಗಿದ ಮೇಲೆ ಎಷ್ಟು, ಎಂ (ಕೋಶ ಭಾಗವಾಗುವ ಹಂತ) ಮುಗಿದ ಮೇಲೆ ಎಷ್ಟು? ಡಿಎನ್‌ಎ 2ಸಿ (ಸಿ ಅಂದರೆ ಡಿಎನ್‌ಎ ಪ್ರಮಾಣದ ಅಳತೆಯಂತೆ) ಇದ್ದದ್ದು ಎಷ್ಟಾಗುತ್ತದೆ? ಇವಳು ಎಸ್ ಆದ ಮೇಲೆ 32 ಅಂತ ಬರೆದಳು. ತಪ್ಪು. 16 ಅಂತ ಬರೆಯಬೇಕಿತ್ತಂತೆ.

"ವರ್ಣತಂತುವಿನ ಒಳಗೆ ಇರುವುದೇ ಡಿಎನ್‌ಎ ಅಲ್ವಾ ಚಿಕ್ಕಮ್ಮ, ಅದು ಎರಡು ಪಟ್ಟಾದರೆ ಇದು ಯಾಕೆ ಆಗುವುದಿಲ್ಲ" ಅಂತ ಕೇಳುತ್ತಾಳೆ. ನಾನು ಓದಿದ್ದು ಕಾಮರ್ಸ್. ಆದರೆ ಅವಳ ಪ್ರಶ್ನೆಯಲ್ಲಿ ನ್ಯಾಯ ಉಂಟು ಅಂತ ನನಗೆ ಅನಿಸುತ್ತದೆ. ಕ್ಲಾಸಿನಲ್ಲಿ ಎದ್ದು ಇಂಗ್ಲಿಷಿನಲ್ಲಿ ಕೇಳಲು ಅವಳಿಗೆ ಧೈರ್ಯ ಸಾಲುತ್ತಿಲ್ಲ. ಕನ್ನಡದಲ್ಲಿ ವಿವರಿಸುವವರು ಇದ್ದರೆ ದಯವಿಟ್ಟು ಬರೆಯಿರಿ.

ಬೈಂದೂರು ಸೆಕೆಂಡ್ ಪಿಯು:
ಅಕ್ಕ, ಉತ್ತರ 16, 16, 16. ಡಿಎನ್‌ಎ 2ಸಿ, 4ಸಿ, 2ಸಿ. ಇಷ್ಟು ಬಾಯಿಪಾಠ ಮಾಡಲಿ ಸಾಕು. ಹಂತಗಳಿಗೆ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್, ಮೊದಲಕ್ಷರ ಸೇರಿಸಿದರೆ ಪಿಮ್ಯಾಟ್. ಅದಕ್ಕೆ ಮೊದಲು ಇಂಟರ್‌ಫೇಸ್, ಅಂದರೆ ವಿಶ್ರಾಂತಿ ಹಂತ. ನಾನು ಹೀಗೇ ಓದಿದ್ದು.

ಕಾರ್ಕಳದ ನಿವೃತ್ತ ಮಾಷ್ಟ್ರು:
ತಮ್ಮಾ, ಉತ್ತರ ಸರಿ. ಆದರೆ ಬಾಯಿಪಾಠ ಮಾಡಿದ್ದು ಮಿಯಾಸಿಸ್, ಅಂದರೆ ಪರಾಗ, ಅಂಡ ತಯಾರಾಗುವಾಗಿನ ವಿಭಜನೆ ಬಂದಾಗ ಕೈ ಕೊಡುತ್ತದೆ. ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕ ಇವೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮಗು 32 ಬರೆದದ್ದಕ್ಕೆ ಕಾರಣ ಅದು.

ಮಗೂ, ನಮ್ಮ ಕಡೆ ತೆಂಗಿನಕಾಯಿ ಕಿತ್ತ ಮೇಲೆ ಎರಡೆರಡು ಕಾಯಿಯ ಸಿಪ್ಪೆ ಎಳೆದು ಒಟ್ಟಿಗೆ ಗಂಟು ಹಾಕುತ್ತಾರೆ, ನೋಡಿರಬಹುದು. ಈಗ ನಿನ್ನ ಅಂಗಳದಲ್ಲಿ 16 ಒಂಟಿ ಕಾಯಿ ಇವೆ ಅಂದುಕೋ. ಒಂದೊಂದಕ್ಕೂ ಒಂದೊಂದು ಗಂಟು. ಲೆಕ್ಕ ಬರೆಯುವವರು ಕಾಯಿ ಎಣಿಸುವುದಿಲ್ಲ, ಗಂಟು ಎಣಿಸುತ್ತಾರೆ. 16. ಇದು ಜಿ1. ಎಸ್ ಹಂತದಲ್ಲಿ ಪ್ರತಿ ಕಾಯಿಗೂ ಅದರದ್ದೇ ಪಡಿಯಚ್ಚು ಒಂದು ತಯಾರಾಗುತ್ತದೆ, ಆದರೆ ಅದೇ ಗಂಟಿಗೆ ಕಟ್ಟಿಕೊಂಡೇ ಇರುತ್ತದೆ. ಈಗ ಗಂಟು ಎಣಿಸು. 16. ತಕ್ಕಡಿಯಲ್ಲಿ ಇಟ್ಟು ತೂಗು. ತೂಕ ಎರಡು ಪಟ್ಟು. ವರ್ಣತಂತು ಎಷ್ಟು ಅಂದರೆ ಗಂಟಿನ ಲೆಕ್ಕ. ಡಿಎನ್‌ಎ ಎಷ್ಟು ಅಂದರೆ ತೂಕದ ಲೆಕ್ಕ. ಗಂಟಿಗೆ ಪುಸ್ತಕದಲ್ಲಿ ಸೆಂಟ್ರೋಮಿಯರ್ ಅನ್ನುತ್ತಾರೆ. ಕಟ್ಟಿಕೊಂಡ ಎರಡು ಕಾಯಿಗೆ ಸೋದರ ಕ್ರೊಮ್ಯಾಟಿಡ್ ಅಂತ ಹೆಸರು.

ಇನ್ನೊಂದು. ಇಂಟರ್‌ಫೇಸ್ ವಿಶ್ರಾಂತಿ ಅಲ್ಲ ತಮ್ಮಾ. ಹಳೆಯ ಕಾಲದಲ್ಲಿ ಮೈಕ್ರೋಸ್ಕೋಪಿನಲ್ಲಿ ಎಂತದೂ ನಡೆಯುವುದು ಕಾಣಲಿಲ್ಲ, ಹಾಗಾಗಿ ಆ ಹೆಸರು ಅಂಟಿಕೊಂಡಿತು. ಕೋಶ ಬೆಳೆಯುವುದು, ಡಿಎನ್‌ಎ ನಕಲು ಮಾಡುವುದು, ಹಂಚಲು ಬೇಕಾದ ಪ್ರೋಟೀನು ಕೂಡಿಡುವುದು ಎಲ್ಲಾ ಆಗಲೇ. ಮನುಷ್ಯನ ಕೋಶ ಸುಮಾರು 24 ಗಂಟೆಗೆ ಒಮ್ಮೆ ವಿಭಜನೆ ಆಗುತ್ತದೆ ಅಂದರೆ ಅದರಲ್ಲಿ ನಿಜವಾಗಿ ಭಾಗವಾಗುವ ಎಂ ಹಂತ ಸುಮಾರು ಒಂದು ಗಂಟೆ. ಉಳಿದದ್ದೆಲ್ಲ ತಯಾರಿ. ಮನೆಯಲ್ಲಿ ಮದುವೆ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮಲ್ಪೆಯ ಚಿಕ್ಕಮ್ಮ:
ಮಾಷ್ಟ್ರೇ, ನಿಮಗೆ ಎಷ್ಟು ಉಪಕಾರ ಹೇಳಿದರೂ ಸಾಲದು. ಗಂಟು, ತೂಕ ಅಂದ ಕೂಡಲೇ ಅವಳ ಮುಖ ಅರಳಿತು. ಎದ್ದು ಹೋಗಿ ನೋಟ್ಸಿನ ಅಂಚಿನಲ್ಲಿ ಕಾಯಿ ಬರೆದಳು. ಆದರೆ ಕೂಡಲೇ ಇನ್ನೊಂದು ಪ್ರಶ್ನೆ. ವರ್ಣತಂತು ಜೋಡಿ ಜೋಡಿಯಾಗಿ ಇರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ ಅಂತ ಹತ್ತನೆಯಲ್ಲಿ ಓದಿದ್ದಾಳೆ. ಗಂಟಿನಲ್ಲಿ ಇರುವ ಜೋಡಿ ಅದೇ ಜೋಡಿಯಾ?

ಬೈಂದೂರು ಸೆಕೆಂಡ್ ಪಿಯು:
ಇದು ನನಗೂ ಗೊತ್ತಿರಲಿಲ್ಲ, ಅದೇ ಅಂದುಕೊಂಡಿದ್ದೆ. ಮಾಷ್ಟ್ರೇ ನನ್ನದೂ ಒಂದು ಪ್ರಶ್ನೆ. ಅನಾಫೇಸ್‌ನಲ್ಲಿ ಗಂಟು ಬಿಡಿಸಿ ಎರಡು ಕಡೆಗೆ ಎಳೆಯುತ್ತಾರೆ. ಆ ಹೊತ್ತಿಗೆ ಕೋಶ ಇನ್ನೂ ಒಂದೇ. ಹಾಗಾದರೆ ಆಗ 32 ಆಗಬೇಕಲ್ವಾ?

ಕಾರ್ಕಳದ ನಿವೃತ್ತ ಮಾಷ್ಟ್ರು:
ಹೌದು! ಅನಾಫೇಸ್‌ನಲ್ಲಿ 32. ಬಹಳ ಒಳ್ಳೆಯ ಪ್ರಶ್ನೆ ಕೇಳಿದೆ ತಮ್ಮಾ. ಗಂಟು ಬಿಟ್ಟ ಕ್ಷಣ ಪ್ರತಿಯೊಂದು ಕಾಯಿಯೂ ಸ್ವಂತ ಲೆಕ್ಕಕ್ಕೆ ಬರುತ್ತದೆ. ಈ ತುದಿಗೆ 16, ಆ ತುದಿಗೆ 16. ಆಮೇಲೆ ನಡುವೆ ಗೋಡೆ ಬಂದು ಎರಡು ಮನೆ ಆಗುತ್ತದೆ, ಒಂದೊಂದು ಮನೆಗೆ 16. ಆ ಮಗು ಬರೆದ 32 ಪೂರ್ತಿ ಸುಳ್ಳಲ್ಲ. ಹಂತ ಮಾತ್ರ ತಪ್ಪಿತು.

ಜೋಡಿಯ ಪ್ರಶ್ನೆಗೆ ಬೇರೆ ಯಾರಾದರೂ ಹೇಳಿ, ನನಗೆ ಫೋನಿನಲ್ಲಿ ಟೈಪ್ ಮಾಡಿ ಕೈ ಸೋತಿತು.

ಕೊಣಾಜೆ ಎಂಎಸ್ಸಿ:
ನಾನು ಹೇಳುತ್ತೇನೆ ಸರ್. ಎರಡು ಜೋಡಿಯೂ ಬೇರೆ ತಂಗಿ. ನೀರುಳ್ಳಿಯ 16ರಲ್ಲಿ 8 ಅಪ್ಪನ ಕಡೆಯ ತೋಟದಿಂದ, 8 ಅಮ್ಮನ ಕಡೆಯ ತೋಟದಿಂದ ಬಂದವು. ಅಪ್ಪನ ಕಡೆಯ ಮೊದಲನೆಯ ಕಾಯಿಗೂ ಅಮ್ಮನ ಕಡೆಯ ಮೊದಲನೆಯ ಕಾಯಿಗೂ ಹೋಲಿಕೆ ಉಂಟು, ಆದರೆ ಅವು ನಕಲಲ್ಲ, ಮತ್ತು ಅವನ್ನು ಯಾರೂ ಒಂದೇ ಗಂಟಿಗೆ ಕಟ್ಟಿಲ್ಲ. ಗಂಟಿನಲ್ಲಿ ಇರುವವು ಒಂದೇ ಕಾಯಿಯ ಎರಡು ಪ್ರತಿ. ಮೈಟಾಸಿಸ್‌ನಲ್ಲಿ, ಅಂದರೆ ಸರ್ ಇಷ್ಟು ಹೊತ್ತು ಹೇಳಿದ ಮಾಮೂಲಿ ವಿಭಜನೆಯಲ್ಲಿ, ಅಪ್ಪನ ಕಡೆಯದು ಅಮ್ಮನ ಕಡೆಯದನ್ನು ತಿರುಗಿಯೂ ನೋಡುವುದಿಲ್ಲ.

ಮಿಯಾಸಿಸ್‌ನಲ್ಲೇ ಅವು ಹತ್ತಿರ ಬರುವುದು. ಮೊದಲನೆಯ ಪ್ರೊಫೇಸ್‌ನ ಪ್ಯಾಕಿಟೀನ್ ಅನ್ನುವ ಘಟ್ಟದಲ್ಲಿ ಎರಡೂ ಪಕ್ಕಪಕ್ಕ ಕುಳಿತು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ನಾವು ಅಣ್ಣ ತಂಗಿ ಒಬ್ಬರಂತೆ ಒಬ್ಬರು ಇಲ್ಲದಿರುವುದಕ್ಕೆ ಇದು ಒಂದು ದೊಡ್ಡ ಕಾರಣ. ಆಮೇಲೆ ಗಂಟು ಬಿಡಿಸದೇ ಜೋಡಿಯಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಹೋಗುತ್ತವೆ. ಹಾಗಾಗಿ ಮೊದಲ ವಿಭಜನೆ ಮುಗಿದಾಗ ಒಂದು ಕೋಶದಲ್ಲಿ 8 ಗಂಟು, ತೂಕ 2ಸಿ. ಎರಡನೆಯ ವಿಭಜನೆಯಲ್ಲಿ ಗಂಟು ಬಿಡುತ್ತದೆ, ಈಗ 8 ಒಂಟಿ ಕಾಯಿ, ತೂಕ 1ಸಿ. ಪರಾಗದ ಕಡೆಗೆ ಹೋಗುವುದು ಇದು. ಜಿ1ನಲ್ಲಿ ಯಾಕೆ 1ಸಿ ಅನ್ನದೆ 2ಸಿ ಅನ್ನುತ್ತಾರೆ ಅಂತ ನನಗೆ ಡಿಗ್ರಿಯವರೆಗೂ ಗೊತ್ತಿರಲಿಲ್ಲ. ಇದೇ ಕಾರಣ, ಅತಿ ಸಣ್ಣ ತೂಕ ಈ 1ಸಿ.

ಇವಿಷ್ಟನ್ನೂ ಎಣಿಕೆ ಒಂದು ಕಡೆ, ತೂಕ ಒಂದು ಕಡೆ ಹಾಕಿ ಅವಳೇ ಒಮ್ಮೆ ಬರೆದು ನೋಡಲಿ. ಯಾರೂ ಬರೆದುಕೊಡಬೇಡಿ.

ಶಂಕರಪುರ ಮಲ್ಲಿಗೆ:
ನಾನು ಓದಿದ್ದು ಏಳನೆ. ಮಲ್ಲಿಗೆ ಕೃಷಿ. ಸುಮ್ನೆ ಓದುತ್ತಾ ಬಂದೆ, ಈಗ ಒಂದು ಕೇಳಬೇಕು ಅನಿಸಿತು. ನಾವು ಗಿಡ ಮಾಡುವುದು ಗೆಲ್ಲು ಊರಿ. ತಾಯಿ ಗಿಡದ ಹೂವಿಗೆ ಏನು ಪರಿಮಳವೋ ಗೆಲ್ಲಿನ ಗಿಡಕ್ಕೂ ಅದೇ. ಅದು ನೀವು ಹೇಳಿದ ಎರಡರಲ್ಲಿ ಯಾವುದು?

ಕೊಣಾಜೆ ಎಂಎಸ್ಸಿ:
ಮೈಟಾಸಿಸ್ ಅಣ್ಣ. ಗೆಲ್ಲಿನ ಕತ್ತರಿಸಿದ ಬುಡದಲ್ಲಿ ಇರುವ ಕೆಲವು ಕೋಶಗಳು ವಿಭಜನೆ ನಿಲ್ಲಿಸಿ ಕುಳಿತಿರುತ್ತವೆ, ಗಾಯ ಆದ ಮೇಲೆ ಅವು ಮತ್ತೆ ಚಕ್ರಕ್ಕೆ ಇಳಿಯುತ್ತವೆ. ಅವುಗಳಿಂದಲೇ ಹೊಸ ಬೇರು. ಪ್ರತಿ ಬಾರಿಯೂ ಪೂರ್ತಿ ನಕಲು, ಅಪ್ಪ ಅಮ್ಮನ ಕಡೆಯದು ಕಲಸುವ ಕೆಲಸ ಇಲ್ಲ. ಹಾಗಾಗಿ ನಿಮ್ಮ ತೋಟದ ಗಿಡ, ನಿಮಗೆ ಗೆಲ್ಲು ಕೊಟ್ಟವರ ಗಿಡ, ಅವರಿಗೆ ಕೊಟ್ಟವರ ಗಿಡ, ಎಲ್ಲ ಒಂದೇ ಗಿಡದ ಮುಂದುವರಿಕೆ. ಉಡುಪಿ ಮಲ್ಲಿಗೆಯ ಪರಿಮಳ ಹೀಗೆ ಕೈಯಿಂದ ಕೈಗೆ ಉಳಿದು ಬಂದಿದೆ ಅಂತ ನೆನೆಸಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಶಂಕರಪುರ ಮಲ್ಲಿಗೆ:
ಹಾಗಾದರೆ ಮಟ್ಟುಗುಳ್ಳ? ಅದನ್ನು ಬೀಜ ಹಾಕಿಯೇ ಮಾಡುವುದು. ಅದೂ ಹಾಗೇ ಬರುತ್ತದಲ್ಲ.

ಕೊಣಾಜೆ ಎಂಎಸ್ಸಿ:
ಬೀಜ ಅಂದರೆ ಮಿಯಾಸಿಸ್ ದಾಟಿಯೇ ಬಂದದ್ದು. ಆದರೆ ಬದನೆ ಜಾತಿಯಲ್ಲಿ ಹೂವು ಹೆಚ್ಚಾಗಿ ತನ್ನದೇ ಪರಾಗ ತೆಗೆದುಕೊಳ್ಳುತ್ತದೆ. ಮಟ್ಟುವಿನ ರೈತರು ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಬಿಡುತ್ತಾ ಬಂದಿದ್ದಾರೆ. ತಲೆಮಾರು ಕಳೆದಂತೆ ಎರಡು ಕಡೆಯ ಪ್ರತಿಗಳೂ ಬಹುತೇಕ ಒಂದೇ ರೀತಿ ಆಗಿಬಿಟ್ಟಿವೆ. ಒಂದೇ ಬಣ್ಣದ ಇಸ್ಪೀಟು ಎಷ್ಟು ಕಲಸಿದರೂ ಬಣ್ಣ ಬದಲಾಗುವುದಿಲ್ಲ ಅಲ್ವಾ. ಪಕ್ಕದ ಗದ್ದೆಯಲ್ಲಿ ಬೇರೆ ಬದನೆ ಇದ್ದು ದುಂಬಿ ಪರಾಗ ತಂದರೆ ಮಾತ್ರ ಮುಂದಿನ ಬೀಜದಲ್ಲಿ ವ್ಯತ್ಯಾಸ ಬರಬಹುದು.

ಪಡುಬಿದ್ರಿ ಅಂಗಡಿ:
ಬೊಂಡದ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೇ. ನನ್ನ ಮಗಳ ಪುಸ್ತಕದಲ್ಲಿ ತೆಂಗಿನ ಹೆಸರು ನೋಡಿದ ನೆನಪು.

ಕಾರ್ಕಳದ ನಿವೃತ್ತ ಮಾಷ್ಟ್ರು:
ಒಳ್ಳೆ ನೆನಪಿಸಿದಿರಿ. ಕೋಶ ವಿಭಜನೆಯಲ್ಲಿ ಎರಡು ಕೆಲಸ. ಮೊದಲು ಕೋಶಕೇಂದ್ರ ಎರಡಾಗುವುದು, ಆಮೇಲೆ ಕೋಶವೇ ಎರಡಾಗುವುದು. ಎರಡನೆಯದು ನಡೆಯಲೇಬೇಕು ಅಂತ ಇಲ್ಲ. ಎಳೆ ಬೊಂಡದ ನೀರಿನಲ್ಲಿ ಕೋಶಕೇಂದ್ರಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಾರು ಆಗುತ್ತವೆ, ನಡುವೆ ಗೋಡೆ ಮಾತ್ರ ಬರುವುದಿಲ್ಲ. ಬದಿಯಿಂದ ಗೋಡೆ ಕಟ್ಟಿಕೊಂಡು ಬಂದಾಗ ಬಿಳಿ ಗಂಜಿ, ಮುಂದೆ ಅದೇ ಕಾಯಿಯ ತಿರುಳು. ಬೊಂಡ ಕುಡಿದು, ಒಡೆಸಿ, ಗಂಜಿ ಕೆರೆದು ತಿನ್ನುವಾಗ ಆ ಎರಡೂ ಘಟ್ಟ ನಿಮ್ಮ ಬಾಯಲ್ಲೇ ಇರುತ್ತವೆ. 30 ವರ್ಷ ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಮಂಗಳೂರು ಲ್ಯಾಬ್ ಟೆಕ್ನೀಷಿಯನ್:
ನಾನು ವರ್ಣತಂತು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಪಿಯುಸಿ ಮಕ್ಕಳಿಗೆ ಇದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ, ಪುಸ್ತಕದ ಹಂತಗಳು ಬರೇ ಚಿತ್ರ ಅಲ್ಲ, ನಮ್ಮ ಕೆಲಸ ನಿಂತಿರುವುದೇ ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಮೆಟಾಫೇಸ್ ಮೇಲೆ.

ರಕ್ತ ತಂದರೆ ಅದರಲ್ಲಿ ಕೆಂಪು ಕಣಗಳಿಗೆ ಕೋಶಕೇಂದ್ರವೇ ಇಲ್ಲ. ಬಿಳಿ ಕಣ ಬೇಕು. ಅವೂ ರಕ್ತದಲ್ಲಿ ಸುಮ್ಮನೆ ತಿರುಗುತ್ತಿರುತ್ತವೆ, ವಿಭಜನೆ ಆಗುವುದಿಲ್ಲ. ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಒಂದು ಪ್ರೋಟೀನು ಹಾಕಿ 37 ಡಿಗ್ರಿಯಲ್ಲಿ ಸುಮಾರು ಮೂರು ದಿನ ಇಟ್ಟರೆ ಅವು ಎದ್ದು ವಿಭಜನೆ ಶುರು ಮಾಡುತ್ತವೆ. ಆಮೇಲೆ ಕಾಲ್ಚಿಸಿನ್ ಗುಂಪಿನ ಮದ್ದು. ಅದು ವರ್ಣತಂತು ಎಳೆಯುವ ಸ್ಪಿಂಡಲ್ ಎಳೆಗಳನ್ನು ಕಟ್ಟಲು ಬಿಡುವುದಿಲ್ಲ, ಕೋಶಗಳು ಮೆಟಾಫೇಸ್‌ನಲ್ಲೇ ನಿಂತುಬಿಡುತ್ತವೆ. ವರ್ಣತಂತು ತುಂಬಾ ದಪ್ಪವಾಗಿ ಚೆನ್ನಾಗಿ ಕಾಣುವುದು ಆಗಲೇ. ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು ಹಳದಿ ಬೆಂಕಿಯ ಹಾಗೆ ಅರಳುವ ಅಗ್ನಿಶಿಖೆ ಉಂಟಲ್ಲ, ಅದರ ಗಡ್ಡೆಯಲ್ಲಿ ಈ ಕಾಲ್ಚಿಸಿನ್ ಇರುತ್ತದೆ. ಕಡು ವಿಷ, ಯಾರೂ ಮುಟ್ಟಿ ಪ್ರಯೋಗ ಮಾಡಬೇಡಿ.

ಕೊನೆಗೆ ತೆಳು ಉಪ್ಪಿನ ದ್ರಾವಣ ಹಾಕಿ ಕೋಶ ಊದುವಂತೆ ಮಾಡುತ್ತೇವೆ, ಆಗ ವರ್ಣತಂತುಗಳು ಒಂದರ ಮೇಲೆ ಒಂದು ಬೀಳದೆ ಹರಡಿಕೊಳ್ಳುತ್ತವೆ. ಈ ಉಪಾಯ ಬರುವ ಮೊದಲು ಎಣಿಸುವುದು ಎಷ್ಟು ಕಷ್ಟ ಇತ್ತು ಅಂದರೆ ಮನುಷ್ಯನಿಗೆ 48 ವರ್ಣತಂತು ಅಂತ ಮೂರು ದಶಕ ಎಲ್ಲ ಪುಸ್ತಕಗಳಲ್ಲೂ ಅಚ್ಚಾಗುತ್ತಿತ್ತು. 1956ರಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಸ್ವೀಡನ್ನಿನಲ್ಲಿ ಸರಿಯಾಗಿ ಎಣಿಸಿ 46 ಅಂದರು. ಎಣಿಕೆಯಲ್ಲಿ ಅಷ್ಟು ದೊಡ್ಡವರೇ ತಪ್ಪಿದ್ದರು ಅಂತ ಆ ಹುಡುಗಿಗೆ ಹೇಳಿ.

ಮಲ್ಪೆಯ ಚಿಕ್ಕಮ್ಮ:
ಹೇಳಿದೆ. ಇವತ್ತು ಮೊದಲ ಸಲ ಊಟ ಮಾಡುವಾಗ ಪಾಠದ ಮಾತು ಅವಳೇ ತೆಗೆದಳು. ಕಾಲೇಜಿನಲ್ಲಿ ಮುಂದಿನ ವಾರ ನೀರುಳ್ಳಿ ಬೇರಿನ ಪ್ರಾಕ್ಟಿಕಲ್ ಉಂಟಂತೆ. ಹೋದ ಬ್ಯಾಚಿನವರಿಗೆ ಸರಿಯಾಗಿ ಏನೂ ಕಾಣಲಿಲ್ಲ, ಎಲ್ಲರೂ ಪುಸ್ತಕ ನೋಡಿ ರೆಕಾರ್ಡಿನಲ್ಲಿ ಚಿತ್ರ ಬರೆದರು ಅಂತ ಸೀನಿಯರ್ ಹುಡುಗಿ ಹೇಳಿದ್ದಾಳೆ. ಇವಳಿಗೆ ನಿಜವಾಗಿ ನೋಡಬೇಕಂತೆ.

ಕಾರ್ಕಳದ ನಿವೃತ್ತ ಮಾಷ್ಟ್ರು:
ನೋಡಲೇಬೇಕು. ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಬೇರಿನ ತಯಾರಿಯಲ್ಲಿ ಇರುತ್ತದೆ, ಮಕ್ಕಳಲ್ಲಿ ಅಲ್ಲ. ಒಣ ನೀರುಳ್ಳಿಯ ಹಳೆಯ ಬೇರುಗಳನ್ನು ಬ್ಲೇಡಿನಲ್ಲಿ ತೆಗೆಯಿರಿ. ಅಗಲ ಬಾಯಿಯ ಬಾಟಲಿ ತುಂಬ ನೀರು, ಬಾಯಿ ಮೇಲೆ ನೀರುಳ್ಳಿ, ಬುಡ ಮಾತ್ರ ನೀರಿಗೆ ತಾಗಬೇಕು. ದಿನಾ ನೀರು ಬದಲಿಸಿ, ನಮ್ಮ ಮಳೆಗಾಲದಲ್ಲಿ ಬೇಗ ಕೊಳೆಯುತ್ತದೆ. ಮೂರು ನಾಲ್ಕು ದಿನಕ್ಕೆ ಹೊಸ ಬಿಳಿ ಬೇರು. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಕತ್ತರಿಸಿ. ಎಷ್ಟೋ ಮಕ್ಕಳು ಒಂದು ಇಂಚು ಕತ್ತರಿಸಿ ಮೇಲಿನ ಭಾಗ ನೋಡುತ್ತಾರೆ. ಅಲ್ಲಿ ವಿಭಜನೆ ಮುಗಿದು ಕೋಶ ಉದ್ದ ಆಗುತ್ತಾ ಇರುತ್ತದೆ, ಎಷ್ಟು ಹುಡುಕಿದರೂ ಸಿಗುವುದಿಲ್ಲ.

ತುದಿಗಳನ್ನು ಒಂದು ಭಾಗ ಅಸಿಟಿಕ್ ಆಮ್ಲ, ಮೂರು ಭಾಗ ಆಲ್ಕೋಹಾಲು ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ಕೋಶಗಳು ಇದ್ದ ಹಂತದಲ್ಲೇ ನಿಲ್ಲುತ್ತವೆ. ಇದು ಮತ್ತು ಮುಂದಿನದು ಕಾಲೇಜಿನ ಲ್ಯಾಬಿನಲ್ಲಿ, ಲೆಕ್ಚರರ್ ಎದುರಿಗೇ ಆಗಲಿ. ಸ್ಲೈಡ್ ಮೇಲೆ ತುದಿ ಇಟ್ಟು ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮಿನ್ ಅನ್ನುವ ಕೆಂಪು ಬಣ್ಣ. ಸ್ಪಿರಿಟ್ ದೀಪದ ಮೇಲೆ ಬಿಸಿ ಮಾಡಬೇಕು, ಕುದಿಸಬಾರದು. ಐದು ಹತ್ತು ನಿಮಿಷ ಬಿಟ್ಟು ಬಣ್ಣ ಒರೆಸಿ, ಒಂದು ಹನಿ ನೀರು, ಕವರ್ ಸ್ಲಿಪ್. ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಕೋಶಗಳು ಒಂದೇ ಪದರ ಆಗಬೇಕು. ಅವಸರ ಮಾಡಿದರೆ ಗಾಜು ಜಾರಿ ಎಲ್ಲ ಸುರುಳಿ ಸುತ್ತಿಕೊಳ್ಳುತ್ತದೆ.

ಕೊಣಾಜೆ ಎಂಎಸ್ಸಿ:
ಒಂದು ಸೇರಿಸುತ್ತೇನೆ ಸರ್. ತಂಗಿ, ನೋಡಿದ ಕೂಡಲೇ ಬೇಜಾರು ಮಾಡಿಕೊಳ್ಳಬೇಡ. ಹೆಚ್ಚಿನ ಕೋಶಗಳಲ್ಲಿ ಬರೇ ದುಂಡಗಿನ ಕೋಶಕೇಂದ್ರ ಕಾಣುತ್ತದೆ. ದೇವಸ್ಥಾನದ ಊಟದ ಹಾಲ್‌ನ ಫೋಟೋ ಒಂದನ್ನು ಮೇಲಿನಿಂದ ತೆಗೆದರೆ ಹಂತಿಯಲ್ಲಿ ಕುಳಿತು ಉಣ್ಣುವವರೇ ಜಾಸ್ತಿ, ಕೈ ತೊಳೆಯುವವರು ನಾಲ್ಕೈದು ಜನ, ಯಾಕೆಂದರೆ ಕೈ ತೊಳೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಸ್ಲೈಡೂ ಅಂಥದ್ದೇ ಫೋಟೋ. ಯಾವ ಹಂತಕ್ಕೆ ಹೆಚ್ಚು ಹೊತ್ತು ಬೇಕೋ ಆ ಹಂತದ ಕೋಶ ಹೆಚ್ಚು ಸಿಗುತ್ತದೆ. ನೂರು ಕೋಶ ಎಣಿಸಿ ಯಾವುದು ಎಷ್ಟು ಅಂತ ಬರೆದುಕೋ, ಯಾವ ಹಂತ ಉದ್ದ, ಯಾವುದು ಗಿಡ್ಡ ಅಂತ ನಿನಗೇ ಗೊತ್ತಾಗುತ್ತದೆ.

ಬೈಂದೂರು ಸೆಕೆಂಡ್ ಪಿಯು:
ಇದನ್ನೆಲ್ಲ ಹೋದ ವರ್ಷ ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಕೋಶಕ್ಕೆ ಈಗ ವಿಭಜನೆ ಆಗು ಅಂತ ಹೇಳುವುದು ಯಾರು? ಅದು ಪುಸ್ತಕದಲ್ಲಿ ಇಲ್ಲ.

ಮಂಗಳೂರು ಲ್ಯಾಬ್ ಟೆಕ್ನೀಷಿಯನ್:
ಸೈಕ್ಲಿನ್ ಅಂತ ಪ್ರೋಟೀನುಗಳು ಇವೆ. ವಿಭಜನೆ ಹತ್ತಿರ ಬಂದಂತೆ ಏರುತ್ತವೆ, ಮುಗಿಯುವಾಗ ಒಡೆದು ಇಲ್ಲವಾಗುತ್ತವೆ. ಟಿಮ್ ಹಂಟ್ 1982ರಲ್ಲಿ ಸೀ ಅರ್ಚಿನ್ ಅನ್ನುವ ಮುಳ್ಳುಚೆಂಡಿನಂಥ ಕಡಲ ಜೀವಿಯ ಮೊಟ್ಟೆಗಳಲ್ಲಿ ಇದನ್ನು ಕಂಡರು. ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಯೀಸ್ಟಿನಲ್ಲಿ ಇದೇ ಚಕ್ರದ ಕೀಲಿ ಹುಡುಕುತ್ತಿದ್ದರು. ಯೀಸ್ಟಿಗೆ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಸಾಕು, ಹಾಗಾಗಿ ಕೆಲಸಕ್ಕೆ ಅನುಕೂಲ. 2001ರಲ್ಲಿ ಮೂವರಿಗೂ ನೊಬೆಲ್ ಸಿಕ್ಕಿತು. ಮಧ್ಯೆ ಮಧ್ಯೆ ತಪಾಸಣೆ ಗೇಟುಗಳೂ ಇವೆ, ಡಿಎನ್‌ಎ ಹಾಳಾಗಿದ್ದರೆ ಮುಂದೆ ಬಿಡುವುದಿಲ್ಲ. ಆ ಗೇಟು ಕೆಟ್ಟು ಕೋಶ ನಿಲ್ಲದೇ ಓಡುವುದೇ ಕ್ಯಾನ್ಸರ್. ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿಂಕ್ರಿಸ್ಟಿನ್ ಅನ್ನುವ ಮದ್ದು ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ, ಅದೂ ಸ್ಪಿಂಡಲ್ ಕಟ್ಟಲು ಬಿಡುವುದಿಲ್ಲ. ಕ್ಯಾನ್ಸರ್ ಮದ್ದು ತೆಗೆದುಕೊಳ್ಳುವವರ ಕೂದಲು ಯಾಕೆ ಉದುರುತ್ತದೆ ಅಂತ ಕೇಳುತ್ತಾರಲ್ಲ, ಕೂದಲಿನ ಬುಡದ ಕೋಶಗಳೂ ಬೇಗ ಬೇಗ ವಿಭಜನೆ ಆಗುವಂಥವು, ಮದ್ದಿಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಗೊತ್ತಾಗುವುದಿಲ್ಲ.

ಮಲ್ಪೆಯ ಚಿಕ್ಕಮ್ಮ:
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಮೊದಲ ನೀರುಳ್ಳಿ ಕೊಳೆತು ಹೋಯಿತು. ಎರಡನೆಯದರಲ್ಲಿ ಬೇರು ಬಂತು. ಅವಳು ಬೆಳಿಗ್ಗೆ ಬಾಟಲಿ ಹಿಡಿದುಕೊಂಡೇ ಬಸ್ಸು ಹತ್ತಿದಳು. ಲ್ಯಾಬಿನ ಮೇಡಂ ಮರುದಿನ ಊಟದ ಬಿಡುವಿನಲ್ಲಿ ಅವಳ ಜೊತೆಗೇ ನಿಂತು ಮಾಡಿಸಿದರಂತೆ, ಆ ತಾಯಿಗೆ ಒಳ್ಳೆಯದಾಗಲಿ. ಉಳಿದದ್ದು ಅವಳೇ ಬರೆಯುತ್ತಾಳೆ.

ನನ್ನ ಹೆಸರು ಬೇಡ ಅಂತ ಚಿಕ್ಕಮ್ಮ ಹೇಳಿದ್ದಾರೆ. ಮಾಷ್ಟ್ರಿಗೆ, ಅಕ್ಕನಿಗೆ, ಎಲ್ಲರಿಗೂ ನಮಸ್ಕಾರ. ಮೊದಲ ಎರಡು ಸ್ಲೈಡಿನಲ್ಲಿ ಬರೇ ಕೆಂಪು ಮೋಡ ಕಂಡಿತು. ಮೂರನೆಯದರಲ್ಲಿ ಕೋಶಗಳು ಇಟ್ಟಿಗೆ ಜೋಡಿಸಿದ ಹಾಗೆ ಬಿಡಿಬಿಡಿಯಾಗಿ ಬಂದವು. ನೂರು ಎಣಿಸಿದೆ, ಹೆಚ್ಚಿನವು ದುಂಡಗೆ. ಕೆಲವು ದಾರದ ಉಂಡೆಯ ಹಾಗೆ. ವರ್ಣತಂತು ಅನ್ನುವಾಗ ಅದು ಬಣ್ಣದ ದಾರ ಅಂತ ಹತ್ತನೆಯಲ್ಲಿ ನನಗೆ ಹೊಳೆದಿರಲಿಲ್ಲ. ಆಮೇಲೆ ಒಂದೇ ಒಂದು ಕೋಶದಲ್ಲಿ ಎರಡು ಗುಂಪು ಬೇರೆ ಬೇರೆ ತುದಿಗೆ ಹೋಗುತ್ತಾ ನಿಂತಿತ್ತು, ನಡುವೆ ಖಾಲಿ. ಅನಾಫೇಸ್. ಎಣಿಸಲು ಆಗಲಿಲ್ಲ, ಒಂದರ ಮೇಲೆ ಒಂದು ಬಿದ್ದಿದ್ದವು. ಆದರೆ ಅಲ್ಲಿ 32 ಇವೆ ಅಂತ ನನಗೆ ಗೊತ್ತಿತ್ತು. ಮೇಡಂ ಹತ್ತಿರ ಕನ್ನಡದಲ್ಲೇ ಹೇಳಿದೆ. ಅವರು ಹೌದು ಅಂದರು.

ಒಂದು ಪ್ರಶ್ನೆ. ನೇಂದ್ರ ಬಾಳೆಗೆ 33 ವರ್ಣತಂತು ಅಂತ ಲೈಬ್ರರಿಯ ಪುಸ್ತಕದಲ್ಲಿ ಓದಿದೆ. 33ನ್ನು ಮಿಯಾಸಿಸ್‌ನಲ್ಲಿ ಎರಡು ಪಾಲು ಮಾಡುವುದು ಹೇಗೆ?

ಕೊಣಾಜೆ ಎಂಎಸ್ಸಿ:
ಮಾಡಲು ಆಗುವುದಿಲ್ಲ ತಂಗಿ! ಅಲ್ಲಿ 11ರ ಮೂರು ಗುಂಪು ಉಂಟು, ಮೂರು ಮೂರು ಸೇರಿದರೆ ಸಮ ಪಾಲು ಬರುವುದಿಲ್ಲ. ಮಿಯಾಸಿಸ್ ಕೆಡುತ್ತದೆ. ಬಾಳೆಹಣ್ಣಿನಲ್ಲಿ ಬೀಜ ಇಲ್ಲದಿರುವುದಕ್ಕೆ ಅದು ಮುಖ್ಯ ಕಾರಣ. ಮೈಟಾಸಿಸ್‌ಗೆ ಏನೂ ತೊಂದರೆ ಇಲ್ಲ, 33ಕ್ಕೆ 33 ನಕಲು ಆಗಿ ಹಂಚಿಹೋಗುತ್ತದೆ, ಹಾಗಾಗಿ ಬುಡದಿಂದ ಕಂದು ತೆಗೆದು ನೆಡುತ್ತೇವೆ.

ಕಾರ್ಕಳದ ನಿವೃತ್ತ ಮಾಷ್ಟ್ರು:
ಮಗೂ, ರೆಕಾರ್ಡಿನಲ್ಲಿ ನೀನು ನೋಡಿದ ಅನಾಫೇಸನ್ನೇ ಬರೆ, ಪುಸ್ತಕದ್ದು ಬೇಡ. ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ.

ಮಲ್ಪೆಯ ಚಿಕ್ಕಮ್ಮ:
ಬರೆದಿದ್ದಾಳೆ ಮಾಷ್ಟ್ರೇ. ಅವಳ ಕ್ಲಾಸಿನ ಇನ್ನೂ ಐದು ಹುಡುಗಿಯರಿಗೆ ನೋಡಬೇಕಂತೆ. ಅಡುಗೆಮನೆ ಕಿಟಕಿಯಲ್ಲಿ ಈಗ ಆರು ಬಾಟಲಿ, ಆರು ನೀರುಳ್ಳಿ. ಗುರುವಾರ ಬೆಳಿಗ್ಗೆ ಎಂಟಕ್ಕೆ ಬೇರು ಕತ್ತರಿಸುವುದು.